ಏರಿನಲ್ಲಿ ನಿಲ್ಲುವ ಗಾಡಿ

ಆ ಗಾಡಿ ಸೇತುವೆ ದಾಟುವವರೆಗೂ ಹೇಳಿದ ಮಾತು ಕೇಳುತ್ತಿತ್ತು. ಸೇತುವೆ ದಾಟಿ, ಕಲ್ಲು ಕ್ವಾರಿಯ ಗೇಟು ಹಿಂದೆ ಸರಿದು, ರಸ್ತೆ ಏರತೊಡಗಿದ ಕೂಡಲೇ ಅದಕ್ಕೆ ಉಬ್ಬಸ ಶುರುವಾಗುತ್ತಿತ್ತು. ಮೊದಲು ಒಂದು ಬಿಕ್ಕಳಿಕೆ, ಹಿಂದೆಯೇ ಇನ್ನೊಂದು. ಆಕ್ಸಿಲರೇಟರನ್ನು ನೆಲಕ್ಕಂಟುವಂತೆ ತುಳಿದರೂ ಎಳೆತವಿಲ್ಲ. ಆಮೇಲೆ ಸದ್ದೇ ಇಲ್ಲ. ಕಪ್ಪು ಹೊಗೆಯಿಲ್ಲ, ಬಿಳಿ ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ. ಮಾತಿನ ನಡುವೆ ಸಿಟ್ಟಾಗಿ ಎದ್ದುಹೋಗುವ ನೆಂಟರ ಹಾಗೆ ಎಂಜಿನ್ನು ಸುಮ್ಮನೆ ನಿಂತುಬಿಡುತ್ತಿತ್ತು. ಜನ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಯಾರಾದರೊಬ್ಬರು ಸಿಗರೇಟು ಸೇದಿ ಮುಗಿಸುವಷ್ಟು ಹೊತ್ತು ಕಾದರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

ಅದನ್ನು ಓಡಿಸುವವಳನ್ನು ಪೇಟೆಯ ಗಾಡಿ ಸ್ಟ್ಯಾಂಡಿನವರು ಡ್ರೈವರಮ್ಮ ಎನ್ನುತ್ತಿದ್ದರು. ಅದು ಗೌರವಕ್ಕೆ ಕರೆಯುವುದಲ್ಲವೆಂದು ಅವಳಿಗೂ ಗೊತ್ತಿತ್ತು. ‘ಅಮ್ಮ’ ಎನ್ನುವಾಗ ಅವರ ತುಟಿಯ ಒಂದು ಕೊನೆ ಮೇಲೇಳುತ್ತಿತ್ತು.

ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಿಯ ಕಾಲರು ಮಾತ್ರ. ಅಂಗಿಯ ಉಳಿದ ಭಾಗವನ್ನು ಕಂಡವಳಲ್ಲ. ಗಂಡ, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಈ ಹಳೆಯ ಡೀಸೆಲ್ ಫೋರ್-ವೀಲ್ ಗಾಡಿಯಲ್ಲಿ ಮೇಲಿನ ಊರುಗಳಿಗೆ ಜನ, ಔಷಧಿ, ಸಿಮೆಂಟು, ಕೋಳಿ, ಏನು ಸಿಕ್ಕಿದರೆ ಅದನ್ನು ಹೊತ್ತು ಓಡಾಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಕ್ವಾರಿಯ ಬಯಲಿನಲ್ಲಿ ಅವಳಿಗೆ ಸ್ಟೇರಿಂಗು ಹಿಡಿಯಲು ಕಲಿಸಿದವನೂ ಅವನೇ. ಆಗ ಅವನು ನಗುನಗುತ್ತಾ ಕಲಿಸಿದ್ದ. ಸ್ನೇಹಿತರ ಮುಂದೆ, “ನನ್ನ ಹೆಂಡತಿ ಗೇರು ಹಾಕಿದ್ರೆ ಗಾಡಿಗೇ ಗೊತ್ತಾಗಲ್ಲ” ಎಂದು ಜಂಬ ಕೊಚ್ಚಿಕೊಂಡಿದ್ದ. ಒಂದು ದಿನ ಗಾಡಿಯ ಮೇಲೇರಿ ನಿಂತು ಹೇರಿಗೆ ಹಗ್ಗ ಬಿಗಿಯುವಾಗ ಹಗ್ಗ ತುಂಡಾಗಿ ಬೆನ್ನಡಿಯಾಗಿ ಬಿದ್ದ. ಸೊಂಟ ಹೋಯಿತು. ಮುಂದಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಮಂಚ ಬಂತು. ಕಾಲರು ಹೊಲಿದು ಗಂಡ, ಅತ್ತೆ, ತಾನು ಎಂದು ಮೂವರ ಹೊಟ್ಟೆ ತುಂಬುವಂತಿರಲಿಲ್ಲ. ಅವಳು ಕೀಲಿಕೈ ತೆಗೆದುಕೊಂಡಳು.

ಆ ದಿನದಿಂದ ನಗು ಹೋಯಿತು. ಗಾಡಿ ಅಂಗಳಕ್ಕೆ ಬಂದರೆ ಸಾಕು, ಮಂಚದಿಂದ ಮಾತು ಬರುತ್ತಿತ್ತು.

“ಇವತ್ತೂ ನಿಂತ್ಕೊಳ್ತಾ?”

“ನಿಂತ್ಕೊಳ್ತು.”

“ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀಯ. ಫೋರ್-ವೀಲ್ ಹಾಕದೆ ಏರು ಹತ್ತಿಸ್ತೀಯ. ನನ್ನ ಕೈಯಲ್ಲಿ ಯಾವತ್ತಾದ್ರೂ ನಿಂತಿತ್ತಾ?”

“ಕ್ಲಚ್ಚಿಗೂ ಎಂಜಿನ್ ಆರಿ ಹೋಗೋದಕ್ಕೂ ಏನು ಸಂಬಂಧ?”

“ನೋಡು, ಈಗ ನನಗೇ ಪಾಠ.”

ಮೆಕ್ಯಾನಿಕ್ಕಿಗೆ ಊರಿನಲ್ಲಿ ಪಂಪಣ್ಣ ಎಂದೇ ಹೆಸರು. ಗಾಡಿಯ ಯಾವ ಕಾಯಿಲೆಗೂ ಅವನು ಡೀಸೆಲ್ ಪಂಪಿನ ಮೇಲೇ ಅನುಮಾನ ಪಡುತ್ತಿದ್ದ. ಹಾರ್ನು ಕೂಗದಿದ್ದರೂ ಪಂಪು ನೋಡೋಣ ಎನ್ನುವವನು ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಪಂಪು ಬಿಚ್ಚಿ ಕಟ್ಟಿದ. ಫಿಲ್ಟರ್ ಬದಲಿಸಿದ. ಮತ್ತೆ ಪಂಪು ಬಿಚ್ಚಿದ. ಇಂಜೆಕ್ಟರುಗಳನ್ನು ತೆಗೆದು ತೊಳೆದ. ಏನಾಗಿದೆ ಎಂದು ಒಮ್ಮೆಯೂ ಅವಳನ್ನು ಕೇಳಲಿಲ್ಲ. ಅವಳು ಎದುರಿಗೆ ನಿಂತಿದ್ದರೂ ಫೋನು ಹಚ್ಚಿ ಮಂಚದ ಮೇಲಿದ್ದವನನ್ನು ಕೇಳಿದ.

“ನಾನು ಇಲ್ಲೇ ಇದೀನಲ್ಲ, ನನ್ನ ಕೇಳಿ” ಎಂದಳು ಡ್ರೈವರಮ್ಮ.

“ಇರಿ ತಂಗಿ, ಯಜಮಾನ್ರ ಹತ್ರ ಮಾತಾಡ್ತಿದೀನಿ.”

ಸೇತುವೆಯವರೆಗೆ ಗಾಡಿ ಕುದುರೆಯ ಹಾಗೆ ಓಡಿತು. ಏರಿನಲ್ಲಿ ನಿಂತಿತು.

ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ” ಎಂದಳು. ಅದು ಪಂಪಣ್ಣನಿಗೆ ಹೇಳಿದ್ದೋ, ಮಗನಿಗೋ, ಸೊಸೆಗೋ ತಿಳಿಯಲಿಲ್ಲ. ಅತ್ತೆಯ ಮಾತುಗಳು ಯಾವಾಗಲೂ ಹಾಗೆಯೇ, ಯಾರ ತಲೆಗೆ ಸರಿಹೋಗುತ್ತದೋ ಅವರು ಹಾಕಿಕೊಳ್ಳಬೇಕಾದ ಟೋಪಿಗಳು.

ಹೀಗಿರುವಾಗ ಮೊಟ್ಟೆ ಅಜ್ಜಿಯ ಕೈ ಮುರಿಯಿತು.

ಮೊಟ್ಟೆ ಅಜ್ಜಿ ಮೇಲಿನ ಊರಿನವಳು. ಮೊಟ್ಟೆ ತಂದು ಪೇಟೆಯಲ್ಲಿ ಮಾರಿ ಖಾಲಿ ಟ್ರೇಗಳೊಂದಿಗೆ ವಾಪಸು ಹೋಗುವವಳು. ಉಳಿದ ಗಾಡಿಗಳಿದ್ದರೂ ಡ್ರೈವರಮ್ಮನ ಗಾಡಿಗೇ ಕಾಯುತ್ತಿದ್ದಳು. ಇವಳು ಹಳ್ಳ ಕೊಳ್ಳ ನೋಡಿ ಓಡಿಸುತ್ತಾಳೆ, ಮೊಟ್ಟೆ ಒಡೆಯುವುದಿಲ್ಲ ಎನ್ನುತ್ತಿದ್ದಳು. ಆ ದಿನ ಗಾಡಿ ತುಂಬಿತ್ತು. ಏರಿನ ತಿರುವಿನಲ್ಲೇ ಎಂಜಿನ್ನು ಆರಿತು, ಹ್ಯಾಂಡ್‌ಬ್ರೇಕು ಕಚ್ಚುವ ಮೊದಲು ಗಾಡಿ ಸ್ವಲ್ಪ ಹಿಂದಕ್ಕೆ ಜಾರಿತು. ಹಿಂದೆ ಕೂತವರು ಗಾಬರಿಯಲ್ಲಿ ಧುಮುಕಿದರು. ಅವರ ನೂಕಾಟಕ್ಕೆ ಅಜ್ಜಿ ರಸ್ತೆಗೆ ಬಿದ್ದಳು. ಮಣಿಕಟ್ಟು ಎತ್ತಲಾಗದಂತೆ ಜೋತುಬಿದ್ದಿತ್ತು. ಅವಳು ಅಳಲಿಲ್ಲ. “ಟ್ರೇ ನೋಡು, ಟ್ರೇ ಹಾರಿ ಹೋಗುತ್ತೆ” ಎನ್ನುತ್ತಿದ್ದಳು.

ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿನ ಮೇಸ್ತ್ರಿ ಡ್ರೈವರಮ್ಮನನ್ನು ಕರೆದ. ಯಾವ ಗಾಡಿ ಯಾವ ದಾರಿಗೆ ಎಂದು ಹಂಚುವವನು ಅವನೇ.

“ನೋಡಮ್ಮಾ, ತಪ್ಪು ತಿಳ್ಕೋಬೇಡ. ಏರಿನ ದಾರಿ ಹೆಂಗಸರಿಗಲ್ಲ. ಒಬ್ಬ ಡ್ರೈವರನ್ನ ಇಟ್ಕೋ, ಇಲ್ಲಾಂದ್ರೆ ಪೇಟೆ ಒಳಗೇ ಓಡಿಸು.”

“ನಿಂತಿದ್ದು ಗಾಡಿ. ನಾನಲ್ಲ.”

“ನಿನ್ನ ಗಂಡನ ಕೈಯಲ್ಲಿ ನಿಲ್ತಾ ಇರ್ಲಿಲ್ವಲ್ಲ.”

ಸುತ್ತ ನಿಂತವರಲ್ಲಿ ಒಬ್ಬ ನಕ್ಕ. ಅವಳಿಗೆ ಕಿವಿಯ ತನಕ ಬಿಸಿಯೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆನಿಸಿತು. ಅಂದರೆ ಅಳು ಬರುತ್ತದೆ, ಬಂದರೆ ಇವರಿಗೆ ಹಬ್ಬ ಎಂದು ತಿಳಿದು ಹಲ್ಲು ಕಚ್ಚಿ ಬಂದಳು. ಮನೆಯಲ್ಲಿ ಗಂಡ, “ನಾನು ಹೇಳಿರ್ಲಿಲ್ವಾ?” ಎಂದ. ಅವಳು ಕೈಯಲ್ಲಿದ್ದ ಬಕೆಟ್ಟನ್ನು ನೆಲಕ್ಕೆ ಕುಕ್ಕಿದ ರಭಸಕ್ಕೆ ಅದರ ತಳವೇ ಬಿರುಕು ಬಿಟ್ಟಿತು.

ಸಿಟ್ಟಿನಲ್ಲಿ ಕೆಲವರಿಗೆ ಬುದ್ಧಿ ಕೆಡುತ್ತದೆ. ಅವಳಿಗೆ ಆ ದಿನ ಬುದ್ಧಿ ಚುರುಕಾಯಿತು. ಬಾನೆಟ್ಟು ಎತ್ತಿಟ್ಟು ಅದರ ಮುಂದೆ ಜಗಳಕ್ಕೆ ನಿಂತವಳ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಹೊಲಿಗೆ ಯಂತ್ರದಲ್ಲಿ ನೂಲು ಪದೇ ಪದೇ ತುಂಡಾದರೆ ಯಾರೂ ಮೋಟಾರು ಬಿಚ್ಚುವುದಿಲ್ಲ. ಉಂಡೆಯಿಂದ ಶುರುಮಾಡಿ ಸೂಜಿಯವರೆಗೆ ನೂಲಿನ ದಾರಿಯನ್ನೇ ಹಿಡಿದು ಬರುತ್ತಾರೆ, ಎಲ್ಲೋ ಸಿಕ್ಕಿಕೊಂಡಿರುತ್ತದೆ. ಇಲ್ಲಿ ಎಲ್ಲರೂ ಸೂಜಿಯ ಹತ್ತಿರವೇ ಗುದ್ದಾಡುತ್ತಿದ್ದರು. ಹೊಗೆಯಿಲ್ಲದೆ ಎಂಜಿನ್ನು ಆರಿತೆಂದರೆ ಅದಕ್ಕೆ ಡೀಸೆಲ್ಲು ತಲುಪಲಿಲ್ಲ ಎಂದರ್ಥ. ನಿಂತ ಮೇಲೆ ತಾನಾಗಿಯೇ ಮತ್ತೆ ತಲುಪುತ್ತದೆ. ಹಾಗಾದರೆ ದಾರಿಯಲ್ಲಿ ಏನೋ ಅಡ್ಡ ಬಂದು, ಎಳೆತ ನಿಂತ ಕೂಡಲೇ ಬಿಟ್ಟುಕೊಡುತ್ತಿದೆ.

ಟ್ಯಾಂಕಿನಿಂದ ಬರುವ ಪೈಪನ್ನು ಕಳಚಿ ಅದರ ಬಾಯಿಗೆ ಗೂಟ ಹೊಡೆದಳು. ಒಂದು ಕ್ಯಾನಿನಲ್ಲಿ ಡೀಸೆಲ್ಲು ತುಂಬಿ ಪಕ್ಕದ ಸೀಟಿಗೆ ಹಗ್ಗದಿಂದ ಬಿಗಿದು, ಅಲ್ಲಿಂದ ಹೊಸ ರಬ್ಬರ್ ಪೈಪನ್ನು ಎಂಜಿನ್ನಿಗೆ ಕೊಟ್ಟಳು. ಫಿಲ್ಟರಿನ ತಿರುಪು ಸಡಿಲಿಸಿ, ಗುಳ್ಳೆಗಳೆಲ್ಲ ಹೋಗಿ ಶುದ್ಧ ಡೀಸೆಲ್ಲು ಉಕ್ಕುವವರೆಗೆ ಕೈಪಂಪು ಒತ್ತಿದಳು. ಕ್ವಾರಿಯಲ್ಲಿ ಜಲ್ಲಿಯ ಚೀಲಗಳನ್ನು ಹಿಂದಕ್ಕೆ ತುಂಬಿಸಿಕೊಂಡು ಒಬ್ಬಳೇ ಏರಿಗೆ ಹೊರಟಳು. ತಿರುವು ಬಂತು. ಬಿಕ್ಕಳಿಕೆ ಬರಲಿಲ್ಲ. ಮುಂದಿನ ತಿರುವೂ ಬಂತು. ಗಾಡಿ ಕಪ್ಪು ಹೊಗೆ ಉಗುಳುತ್ತಾ ಮೇಲಿನ ಊರಿನವರೆಗೂ ಹತ್ತಿತು. ಅವಳಿಗೆ ಸಂತೋಷವಾಗಲಿಲ್ಲ. ಇಷ್ಟು ಸುಲಭದ ಪರೀಕ್ಷೆಯನ್ನು ಯಾರೂ ಮಾಡಲಿಲ್ಲವಲ್ಲ, ತನಗೂ ಇಷ್ಟು ದಿನ ತೋಚಲಿಲ್ಲವಲ್ಲ ಎಂದು ಸ್ಟೇರಿಂಗನ್ನು ಗುದ್ದಿದಳು. ಎಂಜಿನ್ನು ಸರಿಯಿದೆ, ಪಂಪು ಸರಿಯಿದೆ. ಅಡ್ಡಿ ಇರುವುದು ಟ್ಯಾಂಕಿನಲ್ಲಿ.

ಮನೆಗೆ ಬಂದವಳೇ ಗಾಡಿಯ ಕೆಳಗೆ ನುಗ್ಗಿದಳು. ಅತ್ತೆ ಸೆರಗು ಸಿಕ್ಕಿಸಿ ದೊಡ್ಡ ಬೋಗುಣಿ ಹಿಡಿದು ಕೂತಳು. ಡೀಸೆಲ್ಲು ಇಳಿಸಿ, ಟ್ಯಾಂಕಿನ ಪಟ್ಟಿ ಬಿಚ್ಚಿ, ಇಬ್ಬರೂ ಅದನ್ನು ಅಂಗಳಕ್ಕೆ ಎಳೆದರು. ಡೀಸೆಲ್ಲಿನ ಮಟ್ಟ ಅಳೆಯುವ ಕೋಲು ಕೂರುವ ತೂತಿನಿಂದ ಟಾರ್ಚು ಹಾಕಿ ನೋಡಿದರೆ, ತಳದಲ್ಲಿ ಸತ್ತ ಇಲಿಯಂಥದೊಂದು ಮಲಗಿತ್ತು. ಅವಳು ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಹಿಡಿದೆಳೆದಳು.

ಬಂದದ್ದು ಬಟ್ಟೆ. ಏರಿನಲ್ಲಿ ಅದು ಹಿಂದಕ್ಕೆ ತೇಲಿ ಡೀಸೆಲ್ಲು ಹೀರುವ ಕೊಳವೆಯ ಬಾಯಿಗೆ ಅಂಟುತ್ತಿತ್ತು. ಎಂಜಿನ್ನು ಆರಿದರೆ ಕಳಚಿ ಬೀಳುತ್ತಿತ್ತು. ಅಷ್ಟೇ ರೋಗ.

ಹಿಂಡಿ ಬಿಡಿಸಿ ನೋಡಿದಳು. ಕಂದು ಬಣ್ಣಕ್ಕೆ ತಿರುಗಿದ್ದರೂ ಹಳದಿ ಪಟ್ಟೆ ಕಾಣುತ್ತಿತ್ತು. ಅಂಚಿನ ಜೋಡಿ ಹೊಲಿಗೆ ಅವಳದೇ. ಅಡುಗೆಮನೆಯ ಕಿಟಕಿಗೆಂದು ಅವಳು ಹೊಲಿದ ಪರದೆ; ಅರ್ಧ ಕಾಣೆಯಾದಾಗ ಕೇಳಿದ್ದಕ್ಕೆ ಗಂಡ, ಗಾಡಿ ಒರೆಸಲು ಒಯ್ದೆ ಎಂದಿದ್ದ.

ಅವಳು ಅದನ್ನು ಹಾಗೆಯೇ ಒಯ್ದು, ತೊಟ್ಟಿಕ್ಕುತ್ತಿದ್ದಂತೆಯೇ, ಅವನ ಹೊದಿಕೆಯ ಮೇಲೆ ಎಸೆದಳು.

“ಇದೇನು?”

ಗಂಡ ನೋಡಿದ. ಅವಳು ಇನ್ನೇನೂ ಕೇಳುವ ಮೊದಲೇ, “ನಾನೇನು ಬೇಕೂಂತ ಹಾಕಿದ್ನಾ?” ಎಂದ.

ಬಾಗಿಲಲ್ಲಿದ್ದ ಅತ್ತೆ, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡನಂತೆ” ಎಂದಳು. ಈ ಸಲ ಟೋಪಿ ಯಾರದೆಂದು ಮೂವರಿಗೂ ತಿಳಿಯಿತು.

“ಟ್ಯಾಂಕಿನ ಮುಚ್ಚಳ ಬಿದ್ದು ಹೋಗಿತ್ತು,” ಎಂದ ಅವನು. “ಬಟ್ಟೆ ತುರುಕಿದ್ದೆ. ದಾರೀಲಿ ಒಳಗೆ ಹೋಗಿರ್ಬೇಕು. ಹೊಸ ಮುಚ್ಚಳ ಹಾಕಿದೆ, ಮರೆತೆ.”

“ನಿನ್ನ ಕೈಯಲ್ಲೂ ನಿಲ್ತಾ ಇತ್ತಾ?”

ಅವನು ಹೊದಿಕೆಯ ಮೇಲಿನ ಬಟ್ಟೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ.

“ನಿಲ್ತಾ ಇತ್ತಾ?”

“ಒಂದೆರಡು ಸಲ. ಡೀಸೆಲ್ಲಲ್ಲಿ ಕಸ ಅಂದ್ಕೊಂಡೆ.”

“ಆಮೇಲೆ ಯಾವಾಗ ಗೊತ್ತಾಯ್ತು?”

“ಪಂಪಣ್ಣ ಎರಡನೇ ಸಲ ಪಂಪು ಬಿಚ್ಚಿದಾಗ ನೆನಪಾಯ್ತು. ಅನುಮಾನ ಅಷ್ಟೇ.”

“ಬಾಯಲ್ಲಿ ಏನು ಇಟ್ಕೊಂಡಿದ್ದೆ? ದಿನಾ ಬಂದು ಇಲ್ಲೇ ನಿಂತು ಬೈಸ್ಕೊಂಡೆ. ಆ ಅಜ್ಜಿ ಬಿದ್ಲು. ಆವಾಗಲೂ ನಾನು ಹೇಳಿರ್ಲಿಲ್ವಾ ಅಂದೆಯಲ್ಲ, ಯಾವ ಬಾಯಲ್ಲಿ ಅಂದೆ?”

ಗಂಡ ಕಿಟಕಿಯ ಕಡೆ ತಿರುಗಿದ. “ನೀನು ಓಡಿಸಿದ್ರೂ ಅದು ಹಾಗೇ ಓಡ್ತಾ ಇದ್ರೆ, ನಾನು ಇಲ್ಲಿ ಯಾಕೆ ಬಿದ್ಕೊಂಡಿರ್ಬೇಕು ಹೇಳು” ಎಂದ.

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳ ಕರುಳು ಚುರ್ರೆನ್ನುತ್ತಿತ್ತೇನೋ. ಆ ದಿನ ಎನ್ನಲಿಲ್ಲ. ಅವನ ನೋವು ನಿಜವೇ; ಆದರೆ ಅದಕ್ಕೆ ಅವಳ ಮರ್ಯಾದೆಯನ್ನು, ಇನ್ನೊಬ್ಬಳ ಕೈಯನ್ನು ಬೆಲೆಯಾಗಿ ತೆರಬೇಕಿತ್ತೇ?

“ಏಳು,” ಎಂದಳು. “ಅಜ್ಜಿ ಹತ್ರ ಹೋಗೋಣ. ಸ್ಟ್ಯಾಂಡಿಗೂ ಹೋಗೋಣ. ನೀನೇ ಹೇಳ್ಬೇಕು.”

“ನನಗೆ ಕೂರೋಕಾಗುತ್ತಾ?”

“ಮಲಗಿಸಿಕೊಂಡು ಹೋಗ್ತೀನಿ.”

“ಅಮ್ಮಾ, ನೀನಾದ್ರೂ ಹೇಳು.”

ಅತ್ತೆ ಹಾಸಿಗೆಯ ಇನ್ನೊಂದು ತುದಿಯನ್ನು ಹಿಡಿದಳು.

ಟ್ಯಾಂಕು ಕೂರಿಸಿ, ಹಿಂದೆ ಹಾಸಿಗೆ ಹಾಸಿ, ಅತ್ತೆ ಸೊಸೆ ಅವನನ್ನು ಎತ್ತಿ ಮಲಗಿಸಿದರು. ಸ್ಟ್ಯಾಂಡಿನಲ್ಲಿ ಅವಳು ಹಿಂದಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತಳು. ಗಂಡ ಮೇಸ್ತ್ರಿಯ ಮುಖ ನೋಡದೆ, ಗಾಡಿಯ ತಗಡಿನ ಸೂರು ನೋಡುತ್ತಾ ಬಟ್ಟೆಯ ವಿಷಯ ಹೇಳಿದ. ಮೇಸ್ತ್ರಿ, “ಇರ್ಲಿ ಬಿಡಪ್ಪ, ಯಂತ್ರ ಅಂದ್ಮೇಲೆ ಆಗುತ್ತೆ” ಎಂದ. ಬೆಳಿಗ್ಗೆ ತನಗೆ ಆ ಮಾತು ಹೇಳದವನು ಈಗ ಎಷ್ಟು ಸಲೀಸಾಗಿ ಹೇಳುತ್ತಾನೆ ಎಂದು ಅವಳ ಸಿಟ್ಟು ಇನ್ನೊಂದು ಮೆಟ್ಟಿಲು ಹತ್ತಿತು.

“ನನ್ನ ದಾರಿ?”

“ನಾಳೆಯಿಂದ ಹೋಗು. ನಾನೇನು ಬೇಡ ಅಂದ್ನಾ.”

“ಅಂದ್ರಿ. ಎಲ್ಲರ ಮುಂದೆ ಅಂದ್ರಿ.”

ಪಂಪಣ್ಣ ಅಲ್ಲೇ ಟೀ ಕುಡಿಯುತ್ತಿದ್ದ. ಅವನು ಲೋಟದೊಳಗೆ ನೋಡಿಕೊಂಡ.

ಮೇಲಿನ ಊರಿನಲ್ಲಿ ಮೊಟ್ಟೆ ಅಜ್ಜಿ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಜಗಲಿಯ ಮೇಲೆ ಕೂತಿದ್ದಳು. ಗಾಡಿಯವರೆಗೆ ಬಂದು, ಮಲಗಿದ್ದವನು ಹೇಳಿದ್ದನ್ನೆಲ್ಲ ಕೇಳಿ, “ನನ್ನ ಎಲುಬು ಕೂಡ್ಕೊಳ್ಳುತ್ತೆ, ಡಾಕ್ಟರು ಹೇಳಿದಾರೆ. ನಿಂದು ಹೇಗೋ ನೀನೇ ನೋಡ್ಕೋ” ಎಂದು ಒಳಗೆ ಹೋದಳು. ಕೂರಿ ಎನ್ನಲಿಲ್ಲ. ಕೈ ಸರಿಹೋಗುವವರೆಗೆ ಅವಳ ಮೊಟ್ಟೆಗಳನ್ನು ಡ್ರೈವರಮ್ಮನೇ ಪೇಟೆಗೆ ಒಯ್ದು ಮಾರಿಬರುತ್ತಿದ್ದಳು. ಅಜ್ಜಿ ಆ ವಿಷಯದಲ್ಲೂ ಒಳ್ಳೆಯ ಮಾತೇನೂ ಆಡಲಿಲ್ಲ.

ಸಿಟ್ಟು ಬೇಗ ಇಳಿಯಲಿಲ್ಲ. ಊಟ ಬಡಿಸುತ್ತಿದ್ದಳು, ಔಷಧಿ ಕೊಡುತ್ತಿದ್ದಳು, ಮಗ್ಗುಲು ಹೊರಳಿಸುತ್ತಿದ್ದಳು. ಮಾತು ಮಾತ್ರ ಅಳೆದು ತೂಗಿ. ಜನ ಅವಳನ್ನು ಕಲ್ಲೆದೆಯವಳೆಂದರು. ಗಂಡ ಕೋಲು ಹಿಡಿದು ಅಂಗಳದವರೆಗೆ ನಡೆಯುವ ಹೊತ್ತಿಗೆ ಮಳೆ ಮುಗಿದು ಚಳಿ ಬಂದಿತ್ತು. ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸಿತು. ಅವಳು ಬಾನೆಟ್ಟು ಎತ್ತಿದಳು. ಅವನು ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತ.

“ಹೀಟರ್ ಪ್ಲಗ್ ಇರ್ಬೇಕು,” ಎಂದ.

ಅವಳು ತಲೆಯೆತ್ತಿ ನೋಡಿದಳು. “ಗೊತ್ತಾ, ಇಲ್ಲಾ ಸುಮ್ನೆ ಅಂದಿದ್ದಾ?”

ಅವನು ಕೋಲಿನ ಮೇಲೆ ಭಾರ ಹಾಕಿ ಎಂಜಿನ್ನಿನ ಕಡೆ ಬಗ್ಗಿದ.

“ಗೊತ್ತಿಲ್ಲ,” ಎಂದ.

“ಹಾಗಾದ್ರೆ ಆ ಟೆಸ್ಟರ್ ಕೊಡು. ಒಂದೊಂದೇ ನೋಡೋಣ.”