ಮೂರು ಊರು, ಒಂದು ಎಡಗಾಲು

ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿರುವ ತಮ್ಮನ ಮನೆಯಿಂದ ನಾವು ಹೊರಟಾಗ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಮಾರ್ಚ್ ತಿಂಗಳು, ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾರು ಓಡಿಸುತ್ತಿದ್ದವನು ನನ್ನ ತಮ್ಮ ನಾಗೇಶ, ಡಲ್ಲಾಸ್‌ನಲ್ಲಿ ಎಂಜಿನಿಯರ್. ಹಿಂದಿನ ಸೀಟಿನಲ್ಲಿ ಅವನ ಮಗಳು ಮಾಲಾ, ಹದಿಮೂರು ವರ್ಷ, ತೊಡೆಯ ಮೇಲೆ ಚೆಂಡು. ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದುದರಿಂದ ಚಿತ್ರಾನ್ನ, ಮೊಸರನ್ನದ ಡಬ್ಬಿಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ನಾನು ಬೆಂಗಳೂರಿನಿಂದ ಬಂದು ಒಂದು ವಾರವಾಗಿತ್ತಷ್ಟೆ. ಆಸ್ಟಿನ್‌ಗೆ ಇನ್ನೂರು ಮೈಲಿ ಎಂದಾಗ, ಅಲ್ಲಿ ಯಾರ ಮದುವೆ ಎಂದು ಕೇಳಿದೆ.

"ಮದುವೆ ಅಲ್ಲ ಅಕ್ಕ, ಮಾಲಾ ಆಡ್ಬೇಕು" ಎಂದ.

ಚೆಂಡಾಡಲು ಇನ್ನೂರು ಮೈಲಿ! ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ. ಅಲ್ಲಿ ಹೊಸಿಲು ದಾಟಿದರೆ ಫುಟ್‌ಬಾಲ್ ಮೈದಾನ. ಹುಡುಗಿಯಾದ ನನಗೆ ಮಾತ್ರ ಅದು ಕಾಂಪೌಂಡ್ ಗೋಡೆಯ ಮೇಲೆ ಕೂತು ನೋಡುವ ಆಟವಾಗಿತ್ತು. ಈಗ ನಮ್ಮ ಮನೆಯ ಹುಡುಗಿ ಚಡ್ಡಿ, ಬೂಟು ಹಾಕಿಕೊಂಡು ಆಡಲು ಹೊರಟಿದ್ದಾಳೆ ಎಂಬುದೇ ನನಗೆ ಅರಗಿರಲಿಲ್ಲ.

ಗಂಟೆಗೆ ಐವತ್ತೈದು ಮೈಲಿ ಮೀರಿ ಓಡಿಸುವಂತಿರಲಿಲ್ಲ. ಆದ್ದರಿಂದ ಮಾತಿಗೆ ಬೇಕಾದಷ್ಟು ಹೊತ್ತಿತ್ತು. ಇಲ್ಲಿ ಫುಟ್‌ಬಾಲ್ ಎಂದರೆ ಬೇರೆ ಆಟ, ನಮ್ಮದನ್ನು ಸಾಕರ್ ಎನ್ನಬೇಕಂತೆ. ನಾಗೇಶ ರಜಾದಿನಗಳಲ್ಲಿ ಮಾಲಾಳ ಕ್ಲಬ್ಬಿಗೆ ಕೋಚ್. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಒಲೆಯ ಮೂರು ಗುಂಡುಗಳ ಹಾಗೆ ಕೂತ ಊರುಗಳು. ಒಂದೊಂದರಲ್ಲೂ ಬಲು ಚೆನ್ನಾಗಿ ಆಡುವ ಹುಡುಗಿಯರು ನಾಲ್ಕೈದು ಜನ ಇದ್ದರು. ಅವರಿಗೆ ಸರಿಸಾಟಿ ಊರಿನಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ಮೂರೂ ಊರಿನ ಕ್ಲಬ್‌ಗಳು ಒಂದು ಕೂಟ ಕಟ್ಟಿಕೊಂಡು, ಅಂಥವರನ್ನೆಲ್ಲ ಆರಿಸಿ ಒಂದೇ ತಂಡ ಮಾಡಿ ಬೇರೆ ರಾಜ್ಯಗಳಿಗೆ ಕಳಿಸಲು ಹೊರಟಿದ್ದವು. ಆರಿಸುವವರು ಮೂವರು ಕೋಚ್‌ಗಳು, ಡಲ್ಲಾಸ್ ಪರವಾಗಿ ಇವನೇ. ಮೂವರಲ್ಲಿ ಒಬ್ಬರು ಬೇಡ ಎಂದರೂ ಆ ಹುಡುಗಿ ತಂಡದಲ್ಲಿಲ್ಲ.

"ಅಂದ್ರೆ ಎದುರಾಳಿಗಳಿಗೇ ನಮ್ಮ ಮಕ್ಕಳನ್ನ ಒಪ್ಪಿಸೋದೇನೋ?" ಎಂದೆ. ನಮ್ಮಲ್ಲಿ ಪಕ್ಕದ ಬೀದಿಯ ತಂಡಕ್ಕೆ ಆಡಿದವನಿಗೆ ಸ್ವಂತ ಬೀದಿಯಲ್ಲಿ ನೀರೂ ಹುಟ್ಟುತ್ತಿರಲಿಲ್ಲ. "ಹೋಗ್ಲಿ, ಮಾಲಾ ಸೇರಿದ ಹಾಗೇ ಬಿಡು. ಆರಿಸೋನು ಅಪ್ಪನೇ."

"ಅತ್ತೆ, ಪ್ಲೀಸ್!" ಎಂದಳು ಮಾಲಾ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ನಾನು ಏನೇ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಈ ತಂಡಕ್ಕಾಗಿ ಅವಳು ಚಳಿಗಾಲವೆಲ್ಲ ಬೆಳಿಗ್ಗೆ ಬೇಗ ಎದ್ದು ಓಡಿದ್ದಳೆಂದು ಅವಳ ಅಮ್ಮ ಹೇಳಿದ್ದಳು.

ಆಸ್ಟಿನ್‌ನ ಮೋಟೆಲ್‌ನಲ್ಲಿ ಕೌಂಟರಿನ ಮುದುಕ ನನ್ನನ್ನು ಯಾವ ಊರು ಎಂದು ಕೇಳಿದ. ಅಭ್ಯಾಸಬಲದಿಂದ ಆಸ್ಟಿನ್ ಟೌನ್ ಎಂದೆ. "ಹಾಗಾದರೆ ಮನೆಗೆ ಹೋಗುವುದು ಬಿಟ್ಟು ಇಲ್ಲೇಕೆ ರೂಮು ಮಾಡುತ್ತೀರಿ?" ಎಂದ. ನಾಗೇಶ ಆ ಪ್ರಯಾಣದಲ್ಲಿ ನಕ್ಕದ್ದು ಅದೊಂದೇ ಸಲ.

ಮೈದಾನದಲ್ಲಿ ಕಂಡದ್ದಕ್ಕೆ ದಂಗಾದೆ. ಹುಡುಗಿಯರ ಬೆನ್ನಿಗೆ ಬಟ್ಟೆಯ ಚೂರಿನಲ್ಲಿ ನಂಬರು ಬರೆದು ಪಿನ್ನು ಹಾಕಿದ್ದರು. ಕೋಚ್‌ಗಳು ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ. ನಮ್ಮಲ್ಲಿ ಸಂತೆಗೆ ಬರುವ ಎತ್ತಿಗೂ ಒಂದು ಹೆಸರಿರುತ್ತದೆ. ನಮ್ಮ ಹದಿನೇಳನೇ ನಂಬರು ಮಾಲಾ ಬಲಗಾಲಿನಲ್ಲಿ ಎರಡು ಗೋಲು ಹೊಡೆದಳು. ನಾನು ಸೀರೆಯ ಪರಿವೆಯಿಲ್ಲದೆ ಕುಣಿದುಬಿಟ್ಟೆ. ಚೆಂಡು ಎಡಕ್ಕೆ ಬಂದಾಗಲೆಲ್ಲ ಅವಳು ಸುತ್ತಿಕೊಂಡು ಬಲಗಾಲಿಗೆ ತಂದುಕೊಳ್ಳುತ್ತಿದ್ದುದನ್ನು ನೋಡಿದೆ, ಆದರೆ ಅದು ದೊಡ್ಡ ಕೊರತೆಯೆಂದು ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಹ್ಯೂಸ್ಟನ್‌ಗೆ ಹೊರಟೆವು. ಅಲ್ಲಿ ಮಂಗಳೂರಿನಂಥ ಸೆಕೆ, ತಲೆಯ ಮೇಲೆ ಮೋಡ. ಮಧ್ಯಾಹ್ನದವರೆಗೆ ಆಡಿಸಿ, ಮೂವರು ಕೋಚ್‌ಗಳು ಮರದ ಕೆಳಗೆ ನಿಂತು ಮಾತಾಡಿಕೊಂಡು, ಕೊನೆಗೆ ಧ್ವನಿವರ್ಧಕದಲ್ಲಿ ನಂಬರುಗಳನ್ನು ಕೂಗಿದರು. ಹದಿನಾರು ಎಂದರು, ಹತ್ತೊಂಬತ್ತು ಎಂದರು. ಹದಿನೇಳು ಬರಲಿಲ್ಲ.

ಮಾಲಾ ನನ್ನ ಬಳಿ ಬಂದು, "ಐ ಗಾಟ್ ಕಟ್, ಅತ್ತೆ" ಎಂದಳು.

ನಾನು ಅಲ್ಲೇ ಮಂಡಿಯೂರಿ ಅವಳ ಕಾಲುಚೀಲ ಕೆಳಗೆಳೆದು, "ಎಲ್ಲಿ ಕೊಯ್ದುಕೊಂಡೆ? ರಕ್ತ ಎಲ್ಲಿ?" ಎಂದು ಹುಡುಕತೊಡಗಿದೆ. ಹುಡುಗಿ ಮೊದಲು ನಕ್ಕಳು. ಆಮೇಲೆ ನನ್ನ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಂಡದಿಂದ ಕೈಬಿಡುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆಂದು ಆಗ ತಿಳಿಯಿತು.

ಅವಳು ಬಟ್ಟೆ ಬದಲಿಸಲು ಹೋದಾಗ ಹ್ಯೂಸ್ಟನ್‌ನ ಕೋಚ್ ಬೆಟ್ಟಿ ಎಂಬ ಎತ್ತರದ ಹೆಂಗಸು ಬಂದು ನನ್ನ ಕೈ ಹಿಡಿದುಕೊಂಡಳು. "ಉಳಿದ ನಾವಿಬ್ಬರು ಕೋಚ್‌ಗಳೂ ಅವಳು ಬೇಕೆಂದೆವು. ಬೇಡ ಎಂದವನು ನಿಮ್ಮ ತಮ್ಮನೇ" ಎಂದಳು. ಅವನ ಬಗ್ಗೆ ಗೌರವದಿಂದಲೇ ಹೇಳಿದಳು.

ಡಲ್ಲಾಸ್‌ಗೆ ಇನ್ನೂರನಲವತ್ತು ಮೈಲಿ. ಊರು ದಾಟುವವರೆಗೆ ಹಲ್ಲು ಕಚ್ಚಿ ಕೂತಿದ್ದೆ. ಹಿಂದೆ ಮಾಲಾ ಕಣ್ಣು ಮುಚ್ಚಿ ಒರಗಿದ್ದಳು.

"ಬೇಡ ಅಂದೋನು ನೀನೇನೋ?"

"ಅವಳಿಗೆ ಎಡಗಾಲಿಲ್ಲ ಅಕ್ಕ" ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ಎಡಗಾಲಲ್ಲಿ ಹೊಡೆಯೋಕೇ ಬರಲ್ಲ. ಬೇರೆಯವರ ಮಗಳಾಗಿದ್ರೆ ಬೇಡ ಅಂತಿದ್ದೆ. ಇವಳಿಗೂ ಹಾಗೇ ಅಂದೆ."

"ಹೆತ್ತ ಮಗಳು ಕಣೋ! ನಿನಗೇನು ಕರುಳಿಲ್ವಾ?"

"ಅತ್ತೆ, ಅಪ್ಪ ಹೇಳಿದ್ದು ಕರೆಕ್ಟ್."

ಕನ್ನಡದಲ್ಲಿ ಹೇಳಿದ್ದಳು. ನಾನು ಹಿಂದಕ್ಕೆ ತಿರುಗಿ ನೋಡಿದೆ.

"ಆದ್ರೆ ಅಪ್ಪ, ನಿಂಗೆ ಮೊದ್ಲಿಂದ ಗೊತ್ತಿತ್ತಲ್ವಾ? ಅವ್ರಿಗೆಲ್ಲ ಹೇಳ್ದೆ. ನಂಗೆ ಯಾಕೆ ಹೇಳ್ಲಿಲ್ಲ?"

ನಾಗೇಶ ಮುಂದೆ ಸಿಕ್ಕ ತಂಗುದಾಣದಲ್ಲಿ ಕಾರು ನಿಲ್ಲಿಸಿ, ಇಳಿದು ದೂರ ಹೋಗಿ ನಿಂತ. ನನ್ನ ಕೋಪವೆಲ್ಲ ಇಳಿದುಹೋಯಿತು. ಕಲ್ಲಿನ ಮೇಜಿನ ಮೇಲೆ ಮೊಸರನ್ನದ ಡಬ್ಬಿ ತೆರೆದೆ. ಮಾಲಾ ಎರಡು ತುತ್ತು ತಿಂದು, "ನಿಮ್ಮ ಆಸ್ಟಿನ್‌ನಲ್ಲಿ ಎಡಗಾಲು ಬರ್ದೇ ಇದ್ರೆ ಏನ್ ಮಾಡ್ತಿದ್ರು?" ಎಂದು ಕೇಳಿದಳು. ಗೋಡೆಯ ಮೇಲಿಂದ ನೋಡಿದ್ದನ್ನು ಹೇಳಿದೆ: ಬಲಗಾಲಿನ ಬೂಟು ಬಿಚ್ಚಿಸಿ ಆಡಿಸುತ್ತಿದ್ದರು. ಬರಿಗಾಲಲ್ಲಿ ಹೊಡೆದರೆ ನೋವು. ಬೇರೆ ದಾರಿಯಿಲ್ಲದೆ ಎಡಗಾಲು ಏಳುತ್ತಿತ್ತು.

ಎರಡು ವಾರ ಕಳೆದು ನಾನು ಊರಿಗೆ ಹೊರಟ ದಿನವೂ ಗ್ಯಾರೇಜಿನ ಬಾಗಿಲು ಧಡ್ ಧಡ್ ಎನ್ನುತ್ತಿತ್ತು. ಮಾಲಾಳ ಎಡಗಾಲಿನಲ್ಲಿ ಬೂಟು, ಬಲಗಾಲು ಬರಿಗಾಲು. ಚೆಂಡು ಹತ್ತರಲ್ಲಿ ಏಳು ಸಲ ಎಲ್ಲೆಲ್ಲೋ ಹೋಗುತ್ತಿತ್ತು. ನಾಗೇಶ ಕಾರಿನ ಕೀಲಿ ಹಿಡಿದು ಅಡುಗೆಮನೆಯ ಗಾಜಿನ ಹಿಂದೆ ನಿಂತಿದ್ದ. ದಿನವೂ ಅಲ್ಲೇ ನಿಲ್ಲುತ್ತಿದ್ದ.

"ಅಪ್ಪನ್ನ ಕರೀಲೇನೇ? ಹೇಳಿಕೊಡ್ತಾನೆ" ಎಂದೆ.

ಅವಳು ಚೆಂಡನ್ನು ತಡೆದು, ಗಾಜಿನತ್ತ ಒಮ್ಮೆ ನೋಡಿದಳು. "ನಾಟ್ ಯೆಟ್, ಅತ್ತೆ."

ನಾವು ಹೊರಟು ಕಾರು ಹಿಂದಕ್ಕೆ ಬಂದಾಗ ಅವಳು ಎಡಗಾಲಿನಿಂದಲೇ ಚೆಂಡನ್ನು ಬದಿಗೆ ಸರಿಸಿ ದಾರಿ ಬಿಟ್ಟಳು. ಬೀದಿಯ ತುದಿಯವರೆಗೂ ನಾನು ಹಿಂತಿರುಗಿ ನೋಡುತ್ತಿದ್ದೆ. ನಾಗೇಶ ಕನ್ನಡಿಯಲ್ಲಿ ನೋಡುತ್ತಿದ್ದ. ವಿಮಾನ ನಿಲ್ದಾಣ ಕೂಗಳತೆಯಲ್ಲಿತ್ತು. ಮಗಳ ಗುಂಗಿನಲ್ಲೇ ಅವನು ತಿರುಗಬೇಕಾದ ಕಡೆ ತಿರುಗದೆ ನೇರ ಹೋದ. ವಿಮಾನಕ್ಕೆ ಇನ್ನೂ ಹೊತ್ತಿತ್ತು, ಹೋಗಲಿ ಎಂದು ಬಿಟ್ಟೆ.