ಆ ಕಡೆಯವರ ಹಲೋ

ಚಿತ್ತವಾಡ್ಗಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ನೆಟ್‌ವರ್ಕ್ ಇಂಜಿನಿಯರು ಕೀಬೋರ್ಡ್ ಮುಟ್ಟುವ ಮೊದಲು ಫೋನ್ ಎತ್ತುತ್ತಿದ್ದರು. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮೇಜಿನ ಮೇಲಿನ ಅದಿರಿನ ಧೂಳನ್ನು ಕರವಸ್ತ್ರದಿಂದ ಒರೆಸುತ್ತ, "ಮೊದ್ಲ ಆ ಕಡೆಯವ್ರಿಗೆ ಏನ್ ಕಾಣ್ತೈತಿ ಕೇಳೋಣ್ರಿ" ಎನ್ನುತ್ತಿದ್ದರು.

ಗಣಿ ಕಂಪನಿಯ ಹೊಸಪೇಟೆ ಆಫೀಸಿನಲ್ಲಿ ನಾನು ಅವರ ಕೈಕೆಳಗಿದ್ದೆ. ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ನಮ್ಮಲ್ಲೂ ಸಂಡೂರಿನಲ್ಲೂ ಡೇಟಾ ದಾಟಿಸುವ ರೂಟರುಗಳನ್ನು ಅವರೇ ಮಾಡಿಟ್ಟಿದ್ದರು. ಒಂದು ಬೆಳಿಗ್ಗೆ ಸಂಡೂರಿನಲ್ಲಿ ಲಾರಿ ತೂಗುವ ವೇಬ್ರಿಜ್ಜಿನಿಂದ ನಮಗೆ ತೂಕ ಬರುವುದು ನಿಂತುಹೋಯಿತು. ಅಲ್ಲಿ ಲಾರಿಗಳು ಬಿಸಿಲಲ್ಲಿ ಸಾಲುಗಟ್ಟಿದವು. ಅಲ್ಲಿನ ಆಪರೇಟರೇ ಏನೋ ಮುಟ್ಟಿ ಕೆಡಿಸಿದ್ದಾನೆಂದು ನಾನು ಫೋನಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದೆ.

ಇಂಜಿನಿಯರು ಬಂದವರೇ ಆ ಆಪರೇಟರನಿಗೇ ಫೋನ್ ಮಾಡಿ, ಅವನ ಪರದೆಯ ಮೇಲಿನ ಒಂದೊಂದೇ ಸಾಲನ್ನು ಓದಿಸಿದರು. ಎರಡೂ ಕಡೆಯ ರೂಟರುಗಳು ಮೊದಲು ಕಳಿಸುವ 'ಹಲೋ' ಎಂಬ ಸಂದೇಶ ಪರಸ್ಪರ ತಲುಪುತ್ತಿತ್ತು. ಆದರೆ ಮುಂದಿನ ಮಾತುಕತೆ ಶುರುವಾಗದೆ, ಡೇಟಾ ಎತ್ತ ಹೋಗಬೇಕೆಂದು ತೋರಿಸಲು ಅದಕ್ಕೆ ಹಚ್ಚುವ ಲೇಬಲ್ಲುಗಳು ಹಂಚಿಕೆಯಾಗುತ್ತಿರಲಿಲ್ಲ.

"ನಮ್ಮ ರೂಟರ್ ವಿಳಾಸಕ್ಕ ಬರೋ ದಾರಿ ಅವ್ರಿಗೆ ಹೇಳೇ ಇಲ್ರಿ ನಾವು. ಮಾತು ಹೆಂಗ ಆಗಬೇಕು?"

'ನಾವು' ಎಂದರು ಇಂಜಿನಿಯರು. ಆ ದಾರಿ ಹೇಳುವ ಸಾಲನ್ನು ಅನವಶ್ಯಕವೆಂದು ಹಿಂದಿನ ದಿನ ನಮ್ಮ ರೂಟರಿನಿಂದ ಅಳಿಸಿದವನು ನಾನೊಬ್ಬನೇ.

ಅವರು ಅದನ್ನು ಮತ್ತೆ ಬರೆದರು. ತೂಕ ಬರತೊಡಗಿತು. ಭುಜದಿಂದ ರಿಸೀವರ್ ತೆಗೆದು ನನ್ನ ಕೈಗಿಟ್ಟರು.

"ಹಲೋ... ಹಲೋ... ಈಗ ಬರಾಕತ್ತೈತೇನ್ರಿ ಸರ್?" ಎಂದು ಸಂಡೂರಿನ ಆಪರೇಟರ್ ಕೇಳುತ್ತಿದ್ದ.

ನನಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬಾಯಿಂದ ಮಾತು ಹೊರಡಲಿಲ್ಲ.