ಮೊಳದಷ್ಟು ದೂರದ ನೀರು

ನಾನು ಚಿಕ್ಕವನಿದ್ದಾಗ, ಒಂದು ಎಳ್ಳಮಾವಾಸ್ಯೆಯ ಬೆಳಿಗ್ಗೆ ನನ್ನ ಪಾಲಿನ ಕೆಲಸಗಳು ಇವು: ನಳದ ನೀರು ತುಂಬಿದೆ, ಹುರಿದ ಶೇಂಗಾದ ಸಿಪ್ಪೆ ಊದಿದೆ, ಅವ್ವ ಬಡಿದ ಸಜ್ಜೆ ರೊಟ್ಟಿ ಬಟ್ಟೆಯಲ್ಲಿ ಕಟ್ಟಿದೆ, ಬಸ್ಸಿನಲ್ಲಿ ಎಲ್ಲರಿಗೂ ಜಾಗ ಹಿಡಿದೆ.

ಊರಲ್ಲಾದರೆ ಅಂದು ಹೊಲಕ್ಕೆ ಹೋಗಿ ಭೂತಾಯಿಗೆ ಅಡಿಗೆ ಚೆಲ್ಲುತ್ತಾರೆ, ಅದೇ ಚರಗ. ಊರು ಬಿಟ್ಟು ಬಂದು ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ ಅಪ್ಪನಿಗೆ ಹೊಲ ಎಲ್ಲಿಯದು? ನಾವು ಇಂದ್ರಾಯಣಿ ಹೊಳೆಯ ದಂಡೆಗೆ ಹೋದೆವು.

ಅಲ್ಲಿ ಆಳೆತ್ತರದ ಜೊಂಡು, ತುದಿಯೆಲ್ಲ ಒಣಗಿ ಸರಸರ ಎನ್ನುತ್ತಿತ್ತು. ಅದರ ಬುಡದ ಬಿಲದಲ್ಲಿ ನೀರುನಾಯಿಯೊಂದು ಸಂಸಾರ ಹೂಡಿದ್ದನ್ನು ಅಕ್ಕ ಕಂಡುಹಿಡಿದಳು.

"ಮೂರು ಮರಿ ಅದಾವ ನೋಡೋ! ಒಂದಂತೂ ನಿನ್ಹಂಗ, ಬರೇ ಮಲಗೂದ ಕೆಲಸ," ಎಂದು ಕಾಡಿಸಿದಳು.

ಅಪ್ಪ ಕುಳ್ಳು ಹೊತ್ತಿಸಿ ಹಸಿ ಜೋಳದ ತೆನೆ ಸುಟ್ಟ. ಆ ಎಳೆಕಾಳೇ ಸೀತನಿ. ಹಾಲಿನ ವಾಸನೆ, ಹೊಗೆಯ ವಾಸನೆ ಎರಡೂ ಕೂಡಿ ಬರುತ್ತಿದ್ದವು. ಎಲ್ಲರೂ ಚರಗಕ್ಕೆ ಎದ್ದಾಗ ಅಪ್ಪ ನನಗೆ ಹೇಳಿದ:

"ಬೆಂಕಿ ಬಿಟ್ಟು ಏಳಬ್ಯಾಡಪಾ. ಗಾಳಿ ಭಾಳ ಅದ."

"ಇಲ್ಲಪ್ಪಾ, ಇಲ್ಲೇ ಕುಂತಿರ್ತೀನಿ."

ಕೂರಲಿಲ್ಲ. ಮರಿಗಳನ್ನು ನೋಡಲು ಹೋದೆ. ಬಿಲದ ಬಾಯಲ್ಲಿ ಮೂರು ಪುಟ್ಟ ಮೂತಿಗಳು. ಹಿಂದೆ ಪಟಪಟ ಸದ್ದಾಯಿತು. ತಿರುಗಿದರೆ ಜೊಂಡೇ ಹೊತ್ತಿಕೊಂಡಿತ್ತು. ಅಪ್ಪ ಓಡಿಬಂದು ನನ್ನನ್ನು ನೀರಿಗೆ ಎಳೆದ.

ತಾಯಿ ಸಿಳ್ಳೆಯಂತೆ ಕೂಗುತ್ತ ನುಗ್ಗಿತು. ಒಂದು ಮರಿಯನ್ನು ಕಚ್ಚಿಕೊಂಡು ಆಚೆ ದಡಕ್ಕೆ ಈಜಿತು. ಮರಳಿ ಬರುವಷ್ಟರಲ್ಲಿ ಬಿಲದ ಬಾಯಿ ಕಾಣಿಸುತ್ತಿರಲಿಲ್ಲ. ನೀರುನಾಯಿಯ ಮರಿಗಳಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ, ತಾಯಿ ಕಲಿಸಬೇಕು. ನೀರು ಬಿಲದಿಂದ ಒಂದು ಮೊಳ ದೂರವಿತ್ತು, ಅಷ್ಟೇ. ತಾಯಿ ಅಲ್ಲೇ ಅತ್ತಿತ್ತ ಈಜುತ್ತ ಕೂಗುತ್ತಲೇ ಇತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೇರು ಸುಟ್ಟ ದಂಡೆ ಮುಂದಿನ ಮಳೆಗಾಲದಲ್ಲಿ ಕುಸಿಯಿತು. ನೀರುನಾಯಿ ಮತ್ತೆ ಕಾಣಲಿಲ್ಲ.

ಈಗ ಅಕ್ಕನ ಮೊಮ್ಮಕ್ಕಳು ಮೊಬೈಲಿನಲ್ಲಿ ನನಗೆ ಬೀವರ್ ಎಂಬ ಪರದೇಶದ ಪ್ರಾಣಿಯನ್ನು ತೋರಿಸುತ್ತಾರೆ. ಅದು ಹೊಳೆಗೆ ಕಟ್ಟೆ ಕಟ್ಟುತ್ತದೆ. ಸುತ್ತಲ ಕಾಡು ಉರಿದರೂ ಆ ಮಡುವಿನ ಅಂಚು ಹಸಿರಾಗಿಯೇ ಉಳಿಯುತ್ತದೆ. "ನೀರಿದ್ರ ಎಲ್ಲಾ ಉಳೀತಾವಲ್ಲ, ಅಜ್ಜಾ?" ಎನ್ನುತ್ತಾರೆ. ಅವರು ನೋಡುವ ಹೊಳೆಯಲ್ಲಿ ಉಳಿಯುತ್ತವೆ. ನಾನು ಕಂಡ ಹೊಳೆಯಲ್ಲೂ ನೀರಿತ್ತು.

ಆ ಎಳ್ಳಮಾವಾಸ್ಯೆಯ ಸಂಜೆ ಅವ್ವ ತಣ್ಣಗಾದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅಪ್ಪ ತಟ್ಟೆ ಸರಿಸಿದ, ಅಕ್ಕ ತುತ್ತು ಮುಟ್ಟಲಿಲ್ಲ. ನಾನು ಎರಡು ರೊಟ್ಟಿ ತಿಂದೆ. ಎಲ್ಲರಿಗಿಂತ ಮೊದಲು ನಿದ್ದೆಹೋದವನೂ ನಾನೇ.